ಎದ್ದದ್ದು ಕುದುರೆ

ಶಿಷ್ಯೆ ಕೇಳಿದಳು: “ಸರ್, ಈಗ ಯಂತ್ರಕ್ಕೆ ಒಂದು ಮಾತು ಹೇಳಿದರೆ ಸಾಕು, ಕಣ್ಣು ಮಿಟುಕಿಸುವಷ್ಟರಲ್ಲಿ ಚಿತ್ರ ಬರೆದುಕೊಡುತ್ತದೆ. ನಾನು ಒಂದು ಕೈ ಬರೆಯಲು ಇಡೀ ದಿನ ತೆಗೆದುಕೊಳ್ಳುತ್ತೇನೆ. ಎರಡು ವರ್ಷ ಅನಿಮೇಷನ್ ಕಲಿತದ್ದಾಯಿತು. ಮುಂದೆ ನನಗೆ ಇದರಲ್ಲಿ ಕೆಲಸ ಇರುತ್ತದೆಯೇ?”

ಅವಳ ಕೈಯಲ್ಲಿ ಬಿ.ಎಡ್. ಪ್ರವೇಶದ ಅರ್ಜಿ ಇತ್ತು. ಸಂಜೆ ಐದರೊಳಗೆ ಕೊಡಬೇಕಿತ್ತು. ಕೊಟ್ಟರೆ ಈ ಅನಿಮೇಷನ್ ತರಗತಿಗೆ ಬರುವುದು ಅಂದಿಗೆ ಮುಗಿಯುತ್ತಿತ್ತು.

ಗುರುಗಳು ಅರ್ಜಿಯನ್ನು ನೋಡಿದರು. “ಕೂತ್ಕೊ, ಶಶಿರೇಖಾ. ಐದು ಗಂಟೆಗೆ ಇನ್ನೂ ಹೊತ್ತಿದೆ,” ಎಂದು ಈ ಕತೆ ಹೇಳಿದರು.

ಒಂದು ಪೇಟೆಯಲ್ಲಿ ಅನಿಮೇಷನ್ ಮಾಡಿಸುವ ಯಜಮಾನನೊಬ್ಬನಿದ್ದ. ಅವನ ಬಳಿ ಹನ್ನೊಂದು ಜನ ಕೆಲಸ ಮಾಡುತ್ತಿದ್ದರು. ಆ ವರ್ಷ ಕೆಲಸ ಕಡಿಮೆಯಾಗಿತ್ತು. ಹೈನುಗಾರರ ಸಂಘವೊಂದು ಬಂದು ಒಂದು ಚಿಕ್ಕ ಚಿತ್ರ ಕೇಳಿತು. ಬೆಳಗಾಗುತ್ತದೆ, ಮಲಗಿದ್ದ ಹಸು ಏಳುತ್ತದೆ. ಅಷ್ಟೇ. ಒಪ್ಪಿಗೆಯಾದರೆ ವರ್ಷವಿಡೀ ಕೆಲಸ. ಇಲ್ಲವಾದರೆ ಬಾಗಿಲು ಮುಚ್ಚುವುದೇ.

ಅಲ್ಲಿದ್ದ ಒಬ್ಬ ಚುರುಕಿನ ಕೆಲಸಗಾರ ಹಿಂದೆ ಒಂದು ಯುದ್ಧದ ಗೇಮ್‌ಗಾಗಿ ಕುದುರೆ ಮಾಡಿದ್ದ. ಬಿದ್ದ ಕುದುರೆ ಮುಂಗಾಲು ಊರಿ ಏಳುವ ಚಲನೆ ಅವನ ಕಂಪ್ಯೂಟರಿನಲ್ಲಿ ಸಿದ್ಧವಾಗಿತ್ತು. ಅವನು ಅದರ ಎಲುಬಿಗೆ ಹಸುವಿನ ಚರ್ಮ ತೊಡಿಸಿದ. ಕೊಂಬು ಇಟ್ಟ. ಕೊರಳಿಗೆ ಗಂಟೆ ಕಟ್ಟಿದ. ಮಧ್ಯಾಹ್ನದ ಊಟದೊಳಗೆ ಕೆಲಸ ಮುಗಿಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು.

ಸಂಘದವರು ನೋಡಲು ಬಂದರು. ಅಧ್ಯಕ್ಷರು ತಲೆದೂಗಿದರು. ಅವರ ಜೊತೆ ಬಂದಿದ್ದ ಒಬ್ಬ ಮುದುಕಿ ಮಾತ್ರ ಬಾಯಿಗೆ ಸೆರಗು ಹಿಡಿದು ನಕ್ಕಳು.

“ಯಾಕಮ್ಮ ನಗ್ತೀರಿ? ಹಸು ಚೆನ್ನಾಗಿಲ್ವಾ?” ಎಂದು ಯಜಮಾನ ಕೇಳಿದ.

“ಹಸ ಚೆಂದಾಗೈತಪ್ಪ. ಆದ್ರೆ ಎದ್ದಿದ್ದು ಕುದುರೆ. ಹಸ ಮೊದ್ಲು ಹಿಂಗಾಲಲ್ವಾ ಎತ್ತೋದು? ನೀವ್ಯಾರೂ ಕೊಟ್ಟಿಗೆ ಕಂಡಿಲ್ವಾ?”

ತೂಗುತ್ತಿದ್ದ ಅಧ್ಯಕ್ಷರ ತಲೆ ನಿಂತಿತು. “ನಾಳೆ ಬರ್ತೀವಿ. ನಾಳೇನೂ ಕುದುರೇನೇ ಎದ್ರೆ ಬೇರೆಯವರನ್ನ ನೋಡ್ಕೋತೀವಿ,” ಎಂದರು.

ಅವರು ಹೋದ ಮೇಲೆ ಚುರುಕಿನವನು ಚಿತ್ರ ಬರೆದುಕೊಡುವ ಯಂತ್ರವನ್ನು ಕೇಳಿದ. ಅದು ನಾಲ್ಕು ಹಸು ಕೊಟ್ಟಿತು. ನಾಲ್ಕೂ ಮೊದಲು ಹಿಂಗಾಲನ್ನೇ ಎತ್ತಿದವು, ಆದರೆ ನಾಲ್ಕೂ ನಾಲ್ಕು ಥರ ಎದ್ದವು. ಯಾವುದು ಸರಿ ಎಂದು ಯಜಮಾನ ಕೇಳಿದ. ಎಲ್ಲರೂ ಹಸು ಕಂಡವರೇ. ಯಾರಿಗೂ ಹೇಳಲು ಬರಲಿಲ್ಲ.

ಮೂಲೆಯಲ್ಲಿ ಒಬ್ಬಳಿದ್ದಳು. ಹಿನ್ನೆಲೆಯ ಹುಲ್ಲು ಬರೆಯುವುದು ಅವಳ ಕೆಲಸ. ಅದನ್ನೂ ನಿಧಾನ ಮಾಡುತ್ತಾಳೆ ಎಂಬ ದೂರಿತ್ತು. ಅವಳು ಹಸು ಸಾಕಿದ ಮನೆಯವಳು. ದುಪಟ್ಟಾ ಸೊಂಟಕ್ಕೆ ಬಿಗಿದು ನೆಲದ ಮೇಲೆ ಕಾಲು ಮಡಿಚಿ ಮಲಗಿದಳು. ತಲೆಯನ್ನು ಮುಂದಕ್ಕೆ ತೂಗಿ ಹಿಂಬದಿಯನ್ನು ಎತ್ತಿದಳು. ಮೊಣಕೈ ಊರಿಕೊಂಡೇ ಒಂದು ಉಸಿರಿನಷ್ಟು ಹೊತ್ತು ತಡೆದಳು. ಆಮೇಲೆ ಒಂದು ಕೈ, ಆಮೇಲೆ ಇನ್ನೊಂದು.

“ಅಂಬಾ ಅನ್ನು, ಮಾರಾಯ್ತಿ!” ಎಂದ ಚುರುಕಿನವನು.

ಯಜಮಾನ ನಗಲಿಲ್ಲ. “ಕ್ಯಾಮೆರಾ ತಗೊಳ್ಳೋ. ನೀನು ಇನ್ನೊಂದು ಸಲ ಏಳಮ್ಮ,” ಎಂದ.

ಆ ದೃಶ್ಯ ನೋಡಿಕೊಂಡು ರಾತ್ರಿಯೆಲ್ಲ ಹಸುವಿನ ಚಲನೆ ತಿದ್ದಿದರು. ಮರುದಿನ ಮುದುಕಿ ನೋಡಿದಳು. ಸೆರಗು ಬಾಯಿಗೆ ಹೋಗಲಿಲ್ಲ. “ಹ್ಞಾಂ, ಇದು ಹಾಲು ಕೊಡತೈತೆ,” ಎಂದಳು. ಹನ್ನೊಂದು ಜನ ಒಟ್ಟಿಗೆ ಉಸಿರು ಬಿಟ್ಟರು.

ಕತೆ ಮುಗಿಯಿತು. ಶಶಿರೇಖಾ ತಲೆ ತಗ್ಗಿಸಿದಳು. “ನಮ್ಮನೇಲಿ ಹಸು ಇಲ್ಲ ಸರ್. ಅಮ್ಮ ಹೂ ಕಟ್ಟಿ ಮಾರ್ತಾಳೆ, ಅಷ್ಟೇ.”

“ಕಟ್ಟುವಾಗ ದಾರವನ್ನು ಯಾವ ಬೆರಳಿಗೆ ಸಿಕ್ಕಿಸಿಕೊಳ್ಳುತ್ತಾರೆ?”

“ಕಾಲಿನ ಹೆಬ್ಬೆರಳಿಗೆ ಸರ್. ಎಡಗಾಲು. ದಾರ ಎಳೆದಾಗಲೆಲ್ಲ ಬೆರಳು ಒಂಚೂರು ಮೇಲಕ್ಕೆ ಬರತ್ತೆ. ಗಂಟು ಬಿದ್ದ ಮೇಲೆ ಕೆಳಗೆ ಹೋಗತ್ತೆ. ಮಲ್ಲಿಗೆಗೆ ಕಡಿಮೆ, ಕನಕಾಂಬರಕ್ಕೆ ಇನ್ನೂ ಕಡಿಮೆ. ಸೇವಂತಿಗೆಗೆ ಮಾತ್ರ ಪಾದಾನೇ ಎದ್ದುಬಿಡತ್ತೆ.” ಹೇಳುತ್ತ ಹೇಳುತ್ತ ಅವಳ ಬೆರಳೂ ಚಪ್ಪಲಿಯಲ್ಲಿ ಎದ್ದು ಕೂತಿತು. ಅವಳು ಅದನ್ನು ನೋಡಿ ಮಾತು ನಿಲ್ಲಿಸಿದಳು.

ಗುರುಗಳು ಅರ್ಜಿಯನ್ನು ತೆಗೆದುಕೊಂಡು ಮಗುಚಿ ಮೇಜಿನ ಮೇಲಿಟ್ಟರು.

“ಹಿಂಬದಿ ಖಾಲಿ ಇದೆ, ಆ ಬೆರಳನ್ನು ಬರೆ.”