ಜೊಂಡು ಕೀಳಿಸಿದ ಮಹನೀಯರು

ಕೀಟನಾಶಕ ಕಾರ್ಖಾನೆಯ ಧಣಿ ಚೆನ್ನವೀರಪ್ಪನವರಿಗೆ ಕೆರೆಯಲ್ಲಿ ಬೆಳೆದ ಜೊಂಡು ಕಣ್ಣಿಗೆ ಚುಚ್ಚುತ್ತಿತ್ತು. ಅವರ ಕಾರ್ಖಾನೆಯ ಕೊಳಚೆ ಸೇರುವುದೂ ಅದೇ ಕೆರೆಗೆ. ಅದು ಮಾತ್ರ ಚುಚ್ಚುತ್ತಿರಲಿಲ್ಲ.

“ನಾಡಿದ್ದು ಮಂತ್ರಿಗಳು ಬರ್ತಾರೆ. ಈ ಕಸ ಕಿತ್ತುಹಾಕು,” ಎಂದು ಕೆರೆ ಕಾಯುವ ಕಲ್ಲವ್ವನಿಗೆ ಗದರಿದರು.

“ಆಗಲಿ ಧಣಿ,” ಎಂದಳು ಕಲ್ಲವ್ವ. “ಇಷ್ಟು ದೊಡ್ಡ ಕೆಲಸಕ್ಕೆ ಒಂದು ಫಲಕ ಬೇಡವೇ? ಹೀಗೆ ಬರೆಸ್ತೀನಿ: ‘ಕಾರ್ಖಾನೆಯ ವಿಷ ನೀರಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಜೊಂಡಿನ ಬೇರಿನಲ್ಲಿರುವ ಸೂಕ್ಷ್ಮಜೀವಿಗಳು ಅದನ್ನು ಸ್ವಲ್ಪಸ್ವಲ್ಪವೇ ಒಡೆದುಹಾಕುತ್ತಿದ್ದವು. ಅಂದಕ್ಕಾಗಿ ಆ ಜೊಂಡನ್ನು ಕೀಳಿಸಿದವರು ಶ್ರೀ ಚೆನ್ನವೀರಪ್ಪನವರು.’ ಮಂತ್ರಿಗಳ ಕೈಯಲ್ಲೇ ಉದ್ಘಾಟನೆ ಮಾಡಿಸೋಣ.”

ಧಣಿ ತಟ್ಟನೆ ಜೊಂಡಿನ ಕಡೆ ತಿರುಗಿದರು.

“ಹಸಿರು ಚೆನ್ನಾಗಿದೆ. ಇರಲಿ ಬಿಡು,” ಎಂದರು.

ಮಂತ್ರಿಗಳು ಬಂದ ದಿನ ಧಣಿ ಭಾಷಣವನ್ನೂ ಬಿಗಿದರು: “ಈ ಜೊಂಡು ನನ್ನ ಬಹುದಿನದ ಕನಸು.”

ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ಕಲ್ಲವ್ವ.