ಅಕ್ಷತೆ ನುಂಗಿದ ಕಂಪ್ಯೂಟರು

ನಾನು ಮೊದಲ ಸಲ ಮನೆ ಬಿಟ್ಟದ್ದು ನಾಗರಪಂಚಮಿಯ ಮರುದಿನ. ಸ್ಕೂಲಿನ ರೇಡಿಯೋ ಒಡೆದವನು ನನ್ನಣ್ಣ, ಮೇಷ್ಟ್ರು ಸುಲಿದದ್ದು ನನ್ನ ಚರ್ಮ. ಅಣ್ಣ ಪಕ್ಕದಲ್ಲೇ ಕೈಕಟ್ಟಿ ನಿಂತಿದ್ದ, ಬಾಯಿ ಬಿಡಲಿಲ್ಲ. ಅಲ್ಲಿಗೆ ನಾಲ್ಕನೇ ಕ್ಲಾಸೂ ಮುಗಿಯಿತು, ಊರೂ ಮುಗಿಯಿತು. ಸ್ಟವ್ವು, ರೇಡಿಯೋ, ಆಮೇಲೆ ಕಂಪ್ಯೂಟರು, ಹೀಗೆ ಸಿಕ್ಕಿದ್ದನ್ನು ರಿಪೇರಿ ಮಾಡುತ್ತ ಹನ್ನೆರಡು ವರ್ಷ ಚೀಲ ಹೊತ್ತು ಅಲೆದು ಹೊನ್ನೂರಗಡದ ಹೆಬ್ಬಾಗಿಲಿಗೆ ಬಂದಾಗ ಡಂಗುರ ಸಾರುತ್ತಿದ್ದರು.

“ಕೇಳ್ರಪ್ಪೋ ಕೇಳಿ. ಆಯುಧಪೂಜೆ ಆದಾಗಿನಿಂದ ಅರಮನೆ ಕಂಪ್ಯೂಟರು ಅರ್ಧಕ್ಕೆ ಎದ್ದು ಬಿದ್ದುಹೋಗ್ತಾ ಇದೆ. ಭುಜಬಲರಾಯ ದೊರೆಗಳ ಮೂರು ಒಗಟು ಒಡೆದು ಅದನ್ನ ಎಬ್ಬಿಸಿದವರಿಗೆ ದೊರೆಗಳ ಮಗಳು ಅಮ್ಮಣ್ಣಿ ಪದ್ಮಲೆಯವರ ಕೈ. ತಪ್ಪಿದವರಿಗೆ ತಲೆದಂಡ.”

ಕಾಲುವೆ ನೀರು ಯಾವ ಊರಿಗೆ ಯಾವ ದಿನ ಎಂಬ ಸರದಿಯೆಲ್ಲ ಅದರೊಳಗಿತ್ತಂತೆ. ಈಗ ಊರವರೆಲ್ಲ ತೂಬಿನ ಹತ್ತಿರ ದೊಣ್ಣೆ ಹಿಡಿದು ನಿಂತಿದ್ದರು. ಯಂತ್ರ ನೋಡಿಕೊಳ್ಳುತ್ತಿದ್ದ ಮುದುಕ ಚಿಕ್ಕವೀರಯ್ಯನೇ ದ್ರೋಹಿ ಎಂದು ದೊರೆ ಅವನನ್ನು ಸೆರೆಗೆ ಹಾಕಿದ್ದ. ಯಾರೂ ಒಗಟು ಒಡೆಯದಿದ್ದರೆ ಶುಕ್ರವಾರ ಅವನಿಗೆ ನೇಣು. ತಾನಲ್ಲ, ತಾನಲ್ಲ ಎಂದು ಮುದುಕ ಸೆರೆಮನೆಯ ಕಿಂಡಿಯಿಂದ ಕೂಗುತ್ತಿದ್ದ. ಆ ಕೂಗು ನನಗೆ ಗೊತ್ತು. ಹೋಗಿ ಹೆಸರು ಬರೆಸಿದೆ.

ಸರದಿಗೆ ಕಾದಿದ್ದವರಿಗೆ ಅಮ್ಮಣ್ಣಿಯೇ ಮಜ್ಜಿಗೆ ತಂದುಕೊಟ್ಟಳು. ಚಿಕ್ಕವೀರಯ್ಯ ತನ್ನನ್ನು ಎತ್ತಿ ಆಡಿಸಿದವನು, ಹೇಗಾದರೂ ಉಳಿಸಿಕೊಡು ಎಂದಳು. ಇದನ್ನು ಮಾಡಿದ್ದು ಯಾರೆಂದು ತಿಳಿಯದೆ ನಿದ್ದೆಯೇ ಇಲ್ಲ ಎಂದಳು. ಕಣ್ಣಲ್ಲಿ ನೀರಿತ್ತು. ನಂಬಿದೆ.

ನನಗಿಂತ ಮುಂದಿದ್ದ ಪಾಳೇಗಾರನ ಮಗ ದೃಷ್ಟಿಯಾಗಿದೆ ಎಂದು ನಿಂಬೆಹಣ್ಣು ಇಳಿತೆಗೆದ. ಇನ್ನೊಬ್ಬ ಪಂಡಿತ, ಇದು ವೈರಸ್ಸು, ಪಕ್ಕದ ರಾಜ್ಯದವರು ಬಿಟ್ಟದ್ದು ಎಂದ. ಇಬ್ಬರನ್ನೂ ಹಿಂಬಾಗಿಲಿನಿಂದ ಕರೆದೊಯ್ದರು. ಅವರು ತಿರುಗಿ ಬರಲಿಲ್ಲ. ಅವರು ಕುಡಿದಿಟ್ಟ ಮಜ್ಜಿಗೆಯ ಲೋಟ ಇನ್ನೂ ಜಗಲಿಯ ಮೇಲಿತ್ತು.

“ಲೋ ಚೀಲದವನೇ,” ಎಂದ ದೊರೆ. “ಬೆಳಗ್ಗೆ ಎಬ್ಬಿಸಿದರೆ ಅದು ಲಾಂಛನ ತೋರಿಸುವ ತನಕ ಬದುಕುತ್ತದೆ. ಕೂಡಲೆ ಇನ್ನೊಮ್ಮೆ ಎಬ್ಬಿಸಿದರೆ ಅಷ್ಟೂ ಇಲ್ಲ. ಒಂದು ಸಲಕ್ಕಿಂತ ಒಂದು ಸಲ ಆಯುಸ್ಸು ಕಡಿಮೆ. ಯಾಕೆ?”

“ಜ್ವರ, ಬುದ್ಧಿ. ಬೆಳಗ್ಗೆ ಮೈ ತಣ್ಣಗಿರುತ್ತೆ, ಒಂದಷ್ಟು ದೂರ ನಡೆಯುತ್ತೆ. ಕಾವು ಇಳಿಯೋ ಮುಂಚೆ ಎಬ್ಬಿಸಿದ್ರೆ ಅಷ್ಟೂ ಆಗಲ್ಲ. ಸುಟ್ಟುಹೋಗ್ತೀನಿ ಅಂತ ತಾನೇ ಆರಿಕೊಳ್ಳುತ್ತೆ.”

ದೊರೆ ಡಬ್ಬದ ಮೇಲೆ ಕೈಯಿಟ್ಟು ನೋಡಿ ಹಿಂದಕ್ಕೆ ಎಳೆದುಕೊಂಡ. ಎರಡನೆಯದು ಕೇಳಿದ. “ಅದರೊಳಗೆ ಒಬ್ಬ ದಿನವಿಡೀ ಗುಂಯ್ ಎಂದು ಹಾಡುತ್ತಿದ್ದ. ಈಗ ಹಾಡಿಲ್ಲ. ಅವನು ಯಾರು? ಅವನ ಬಾಯಿ ಕಟ್ಟಿದ್ದು ಯಾವುದು?”

ನಾಲ್ಕು ಸ್ಕ್ರೂ ಬಿಚ್ಚಿ ಮುಚ್ಚಳ ತೆಗೆದೆ. ಫ್ಯಾನಿನ ರೆಕ್ಕೆಗಳ ಸಂದಿಯಲ್ಲಿ ಅಕ್ಕಿಕಾಳು, ಅದರ ಮೇಲೆ ಎಣ್ಣೆಗೆ ಮೆತ್ತಿದ ಕುಂಕುಮ.

“ಹಾಡ್ತಿದ್ದೋನು ಫ್ಯಾನು. ಬಾಯಿ ಕಟ್ಟಿದ್ದು ಅಕ್ಷತೆ, ಬುದ್ಧಿ. ತಲೆ ಮೇಲೆ ಬಿದ್ರೆ ಆಶೀರ್ವಾದ. ಇವನ ಹೊಟ್ಟೆಗೆ ಬಿದ್ದು ಉಸಿರು ಕಟ್ಟಿಸಿದೆ.”

ಚಿಮುಟದಿಂದ ಕಾಳು ಹೆಕ್ಕಿ, ಬ್ರಷ್ಷಾಡಿಸಿ, ಮೈ ಆರಲು ಬಿಟ್ಟು ಬಟನ್ ಒತ್ತಿದೆ. ಗುಂಯ್ ಎಂದಿತು. ಲಾಂಛನ ಬಂತು, ಹೋಯಿತು. ನೀರಿನ ಸರದಿ ಪೂರ್ತಿ ತೆರೆದುಕೊಂಡಿತು. ಸಭೆಯಲ್ಲಿ ಗದ್ದಲ. ದೊರೆ ಮಾತ್ರ ನಗಲಿಲ್ಲ.

“ಮೂರನೆಯದು. ನನಗೆ ದ್ರೋಹ ಮಾಡಿದ ಕೈ ಯಾವುದು?”

ಹೆಕ್ಕಿದ ಕಾಳು ಅಂಗೈಯಲ್ಲೇ ಇತ್ತು. ಮೂಸಿದೆ. ಅರಿಶಿನವಲ್ಲ, ಕೇಸರಿ. ಕೇಸರಿ ಕಲಸಿದ ಅಕ್ಷತೆ ಯಾರ ಕೈಗೆ ಕೊಡುತ್ತೀರಿ ಎಂದು ಸಭೆಯಲ್ಲಿದ್ದ ಪುರೋಹಿತರನ್ನು ಕೇಳಿದೆ. ಅವರು ದೊರೆಯ ಕೈಯತ್ತ ನೋಡಿದರು. ಹಿಂಬಾಗಿಲು ತೆರೆದೇ ಇತ್ತು.

“ತಮ್ಮದೇ ಕೈ, ಬುದ್ಧಿ. ಆಯುಧಪೂಜೆ ದಿನ ಮೇಲಿನ ಜಾಲರಿಯಿಂದ ಬೊಗಸೆ ತುಂಬ ಸುರಿದಿದ್ದೀರಿ. ದ್ರೋಹ ಅಲ್ಲ, ಭಕ್ತಿ ಜಾಸ್ತಿಯಾಯ್ತು.”

ದೊರೆ ತನ್ನ ಅಂಗೈ ನೋಡಿಕೊಂಡ. ಒಳಗಿರುವ ದೇವರಿಗೂ ತಲುಪಲಿ ಎಂದಿದ್ದೆ, ಎಂದು ಮೆಲ್ಲಗೆ ಹೇಳಿದ. ಚಿಕ್ಕವೀರಯ್ಯನನ್ನು ಬಿಡಿಸಿದ. ನನಗೆ ಜರಿಶಾಲು ಹೊದಿಸಿ, ಬುಧವಾರ ಮದುವೆ ಎಂದ.

ಸಂಕೋಲೆ ಕಳಚಿದ ಮುದುಕ ಬಂದು ನನ್ನ ಕೈ ಹಿಡಿದುಕೊಂಡ. “ನಾನಲ್ಲ ಅಂತ ಅಮ್ಮಣ್ಣಿಗೆ ಗೊತ್ತಿತ್ತಲ್ಲ ಕಂದ. ದೊರೆಗಳು ಅಕ್ಷತೆ ಸುರಿಯೋವಾಗ ತಟ್ಟೆ ಹಿಡಿದಿದ್ದವರೇ ಅವರು. ಸೆರೇಲಿದ್ದ ನಾನು ದೊರೆಗಳ ಕೈ ಅಂದಿದ್ರೆ ಆವತ್ತೇ ನೇಣು.”

ಅವಳನ್ನು ಹುಡುಕಿಕೊಂಡು ಹೋದೆ. “ಗೊತ್ತಿತ್ತಾ, ಅಮ್ಮಣ್ಣಿಯವರೇ?”

“ಅಪ್ಪಾಜಿ ಮುಖಕ್ಕೆ ಹೇಗೆ ಹೇಳಲಿ? ಹೊರಗಿನವರು ಯಾರಾದ್ರೂ ಹೇಳಲಿ ಅಂತ ಕಾದೆ. ನೀನು ಬಂದೆಯಲ್ಲ.”

“ಹಿಂಬಾಗಿಲಿನಿಂದ ಹೋದ ಆ ಇಬ್ಬರೂ ಹೊರಗಿನವರೇ.”

ಅವಳು ಸೆರಗಿನ ಅಂಚು ಬೆರಳಿಗೆ ಸುತ್ತುತ್ತ ನಿಂತಳು, ಬಾಯಿ ಬಿಡಲಿಲ್ಲ. ನನ್ನಣ್ಣ ನಿಂತ ಹಾಗೆಯೇ.

ಜರಿಶಾಲು ಮಡಿಸಿ ಕಂಪ್ಯೂಟರಿನ ಪಕ್ಕ ಇಟ್ಟೆ. ಸ್ಕ್ರೂಡ್ರೈವರು, ಚಿಮುಟ, ಬ್ರಷ್ಷು ಚೀಲಕ್ಕೆ ಹಾಕಿದೆ. ಒಳಗೆ ಮದುವೆಗೆ ಅಕ್ಷತೆ ಕಲಸುತ್ತಿದ್ದರು, ಕೇಸರಿಯ ವಾಸನೆ ಪಡಸಾಲೆಗೂ ಬರುತ್ತಿತ್ತು. ಚೀಲದ ಬಾಯಿ ಬಿಗಿದು ಹೆಗಲಿಗೇರಿಸಿದೆ.