ಹೊಟ್ಟೆಗೆ ಹಾಕಿಕೊಳ್ಳದ ಸಿಗಡಿ

ಲೋಕ ಆಗಿನ್ನೂ ಹಸಿಯಾಗಿತ್ತು. ಬೆಟ್ಟವನ್ನು ಮುಟ್ಟಿದರೆ ಬೆರಳಿಗೆ ಮಣ್ಣು ಅಂಟುತ್ತಿತ್ತು. ಹೊಸ ಲೋಕ ಎಂದಮಾತ್ರಕ್ಕೆ ಒಳ್ಳೆಯ ಲೋಕ ಎಂದುಕೊಳ್ಳಬೇಡ. ಹೊಸದಾಗಿತ್ತು, ಅಷ್ಟೆ.

ಹೊಳೆಗೆ ನಡಿಗೆ ಬರುತ್ತಿರಲಿಲ್ಲ. ಎದ್ದರೆ ಓಡುತ್ತಿತ್ತು, ಓಡಿದರೆ ಬೀಳುತ್ತಿತ್ತು. ನೀರಿನ ಸಣ್ಣ ಜೀವಗಳು ಮೊಟ್ಟೆ ಇಟ್ಟರೆ, ಸಂಜೆಯೊಳಗೆ ಅವು ಬಂಡೆಗೆ ಬಡಿದು ಚೂರಾಗುತ್ತಿದ್ದವು.

"ನಾನೇನು ಮಾಡ್ಲಿ? ನನಗೆ ನಿಲ್ಲೋಕೇ ಬರಲ್ಲ" ಎನ್ನುತ್ತಿತ್ತು ಹೊಳೆ.

ಇದನ್ನು ನೋಡಲಾರದೆ ಬಾನಜ್ಜಿ ಒಂದು ಕೆಲಸಕ್ಕೆ ಕೈ ಹಾಕಿದಳು. ಬಾನಜ್ಜಿ ಎಂದರೆ ಮಣ್ಣಿನಿಂದ ಜೀವಗಳನ್ನು ಮಾಡಿ, ಬಣ್ಣ ಹಚ್ಚಿ, ನೀರಿಗೆ ಬಿಡುತ್ತಿದ್ದ ಮುದುಕಿ. ಮಿಕ್ಕ ಮಣ್ಣಿನಲ್ಲಿ ದೊಡ್ಡ ದೊಡ್ಡ ಬಾನಿ ಮಾಡುತ್ತಿದ್ದಳು. ಅದಕ್ಕೇ ಆ ಹೆಸರು. ಅವಳು ಬಿದಿರು ಕಡಿದು ತಂದು, ಹೊಳೆಯ ದಂಡೆಯಲ್ಲಿ ಮೂರು ಅಂತಸ್ತಿನ ಅಟ್ಟಣಿಗೆ ಕಟ್ಟಿದಳು. ಒಂದೊಂದು ಅಂತಸ್ತಿಗೆ ಒಂದೊಂದು ಅಗಲಬಾಯಿಯ ಬಾನಿ ಕೂರಿಸಿದಳು. ತಳಕ್ಕೆ ಮರಳು, ಮರಳಿನ ಮೇಲೆ ನೀರು, ನೀರಿನೊಳಗೆ ಒಂದು ಹಿಡಿ ಪಾಚಿ.

"ಈಗಲೇ ಇಳಿಯೋದಾ ಅಜ್ಜಿ?" ಒದ್ದೆ ಮರಳಲ್ಲಿ ಕಾದಿದ್ದ ಆ ಸಣ್ಣ ಜೀವಗಳು ಕೇಳಿದವು.

"ಈಗ ಇಳಿದ್ರೆ ಸಾಯ್ತೀರಿ. ನೀರು ಹಳತಾಗಬೇಕು."

ಹೊಸ ಲೋಕದಲ್ಲಿ ಹಳೆಯ ನೀರು ಎಲ್ಲಿಂದ ಬರಬೇಕು? ಕಾಯಬೇಕಾಯಿತು. ಹಸಿ ಮಣ್ಣಿನ ವಾಸನೆ ಹೋಯಿತು, ನೀರು ತಿಳಿಯಾಯಿತು, ಪಾಚಿ ಹಬ್ಬಿತು. ಆಮೇಲೆ ಅಜ್ಜಿ ಗಾಳಿಯನ್ನು ಕರೆದು ಅದರ ಬಾಯಿಗೆ ಬಿದಿರ ಕೊಳವೆ ಕೊಟ್ಟಳು.

"ಈ ತುದೀಲಿ ಊದು. ಆ ತುದೀಲಿ ಗುಳ್ಳೆ ಏಳ್ತವೆ. ನಿಂತ ನೀರಿಗೂ ಉಸಿರು ಬೇಕು."

"ಎಷ್ಟು ಹೊತ್ತು ಊದಲಿ?"

"ಊದ್ತಾ ಇರು."

ಬೆಟ್ಟ ಹತ್ತಿ ಇಳಿದು ತಿರುಗುತ್ತಿದ್ದ ಗಾಳಿಗೆ ಇದು ಹಿಡಿಸಲಿಲ್ಲ. ಆದರೂ ಊದಿತು.

ಮೇಲಿನ ಬಾನಿ ಕಪ್ಪೆಗಳಿಗೆ ಹೋಯಿತು. ಕೆಳಗಿನದು ಏಡಿಗಳಿಗೆ. ನಡುವಿನ ಬಾನಿ ಒಂದೇ ಉಳಿಯಿತು. ಉಳಿದವರು ಪಕ್ಕೆ ಮೀನು ಗಂಡಹೆಂಡತಿ, ಮತ್ತು ಸಿಗಡವ್ವ. ಬಸವನ ಹುಳುವನ್ನು ಅಜ್ಜಿ ಕರೆದೇ ಇರಲಿಲ್ಲ. ಪಾಚಿಯ ಜೊತೆ ತಾನಾಗಿಯೇ ಬಂದಿತ್ತು.

ಸಿಗಡವ್ವ ಆಗ ಈಗಿನ ಹಾಗಿರಲಿಲ್ಲ. ಅಜ್ಜಿ ಮನಸ್ಸಿಟ್ಟು ಬಣ್ಣ ಹಚ್ಚಿದ್ದು ಅವಳಿಗೇ. ಕಡುನೀಲಿ ಮೈ, ಕೆಂಪು ಅಂಚು, ಬಾಲದ ತುದಿಗೆ ಅರಿಶಿನದ ಗೆರೆ. ಮದುವೆಮನೆಗೆ ಹೊರಟವಳ ಹಾಗಿದ್ದಳು. ಪಕ್ಕೆರಾಯನಿಗೂ ಅವನ ಹೆಂಡತಿ ಮಿನುಗಮ್ಮನಿಗೂ ಬೆಳ್ಳಿಯ ಬಣ್ಣ ಸಿಕ್ಕಿತ್ತು. ಅದು ಸಾಲದೆಂದು ಅವರಿಬ್ಬರಿಗೂ ಅನ್ನಿಸುತ್ತಿತ್ತು.

"ಇವರ ಜೊತೆ ನಾನಾ?" ಸಿಗಡವ್ವ ಬಾನಿಯ ಅಂಚಿಗೆ ಬಂದು ಕೇಳಿದಳು. "ಇವರ ಬಾಯಿ ನೋಡಿದೀಯಾ ಅಜ್ಜಿ? ಸುಮ್ಮನೆ ಇರೋವಾಗ್ಲೂ ತೆರೆದೇ ಇರುತ್ತೆ."

"ಚಿಕ್ಕವರು ಕಣವ್ವ. ನೀನೂ ಚಿಕ್ಕವಳು. ಹೊಂದ್ಕೊಂಡು ಹೋಗಿ."

ಚಿಕ್ಕವರೆಲ್ಲ ಸಾಧುಗಳೆಂದು ಅಜ್ಜಿ ನಂಬಿದ್ದಳು. ಅವಳು ತುಂಬ ಎತ್ತರದಿಂದ ನೋಡುತ್ತಿದ್ದಳು.

ಆ ಕಾಲದಲ್ಲಿ ಸಿಗಡಿಯೂ ಮೀನಿನ ಹಾಗೆ ಪಾಚಿಗೇ ಮೊಟ್ಟೆ ಅಂಟಿಸುತ್ತಿತ್ತು. ಸಿಗಡವ್ವ ತನ್ನ ಮೊದಲ ಮೊಟ್ಟೆಗಳನ್ನು ಪಾಚಿಯ ಈ ಬದಿಗೆ ಅಂಟಿಸಿದಳು. ಹಸಿರು ಮೊಟ್ಟೆಗಳು. ಮಿನುಗಮ್ಮ ತನ್ನವನ್ನು ಆ ಬದಿಗೆ ಅಂಟಿಸಿದಳು. ಬಿಳಿ ಮೊಟ್ಟೆಗಳು. ಮರುದಿನ ಬಿಸಿಲೇರುವ ಹೊತ್ತಿಗೆ ಈ ಬದಿಯವೂ ಇಲ್ಲ, ಆ ಬದಿಯವೂ ಇಲ್ಲ.

ಸಿಗಡವ್ವ ಪಾಚಿಯ ಎಳೆ ಎಳೆ ಬಿಡಿಸಿ ಹುಡುಕಿದಳು. ಮರಳು ಕೆದಕಿದಳು. ಗುಳ್ಳೆಗಳ ನಡುವೆ ಕೈಯಾಡಿಸಿದಳು. ಇನ್ನೂ ಹುಡುಕುತ್ತಿದ್ದಾಗಲೇ ಮಿನುಗಮ್ಮ ಗೋಳಾಡತೊಡಗಿದಳು. ಹುಡುಕುವವರಿಗೆ ಸದ್ದಿಲ್ಲ. ಅಳುವವರದು ಕೇಳಿಸುತ್ತದೆ.

"ಅಯ್ಯೋ ನನ್ನ ಮಕ್ಕಳು! ಬನ್ನಿ ಅಜ್ಜಿ, ನೋಡಿ ಬನ್ನಿ, ಇನ್ನೂ ಕೆದಕ್ತಾ ಇದಾಳೆ! ಅಷ್ಟು ತಿಂದ್ರೂ ತುಂಬಿಲ್ಲ ಇವಳ ಹೊಟ್ಟೆ!"

ಅಜ್ಜಿ ಓಡಿಬಂದು ಬಗ್ಗಿ ನೋಡಿದಳು. ಸಿಗಡವ್ವನ ಕೈಗಳು ಪಾಚಿಯೊಳಗಿದ್ದವು. ಸಿಗಡಿಗೆ ಕೈ ಹೆಚ್ಚು. ಅವು ಯಾವಾಗಲೂ ಏನನ್ನಾದರೂ ಹೆಕ್ಕುತ್ತಲೇ ಇರುತ್ತವೆ. ಪಕ್ಕೆಗಳಿಗೆ ಕೈಯೇ ಇಲ್ಲ. ಕೈ ಇಲ್ಲದವರು ಕಳ್ಳರಾಗುವುದು ಹೇಗೆ?

"ದಿನವೆಲ್ಲ ಬಾಯಿಗೆ ಏನೋ ತುರುಕ್ತಾನೇ ಇರ್ತಾಳೆ" ಎಂದ ಪಕ್ಕೆರಾಯ. ಬಹಳ ಗಂಭೀರವಾಗಿ ಎಂದ. ಆ ದಿನ ಅವನ ಹೊಟ್ಟೆ ತುಸು ದುಂಡಗಿತ್ತು.

"ನಾನು ತಿನ್ನೋದು ಪಾಚಿ!" ಸಿಗಡವ್ವ ಪಾಚಿಯ ಒಂದು ಎಳೆ ಎತ್ತಿ ತೋರಿಸಿದಳು. "ನನ್ನ ಮೊಟ್ಟೆಗಳೂ ಹೋಗಿದಾವೆ. ಅದನ್ನ ಯಾಕೆ ಯಾರೂ ಕೇಳಲ್ಲ?"

ಯಾರೂ ಕೇಳಲಿಲ್ಲ.

ಅಜ್ಜಿ ಗಾಳಿಯ ಕಡೆ ತಿರುಗಿದಳು. "ನೀನು ಇಲ್ಲೇ ಇದ್ದೆಯಲ್ಲ. ಏನು ನೋಡಿದೆ?"

"ನನ್ನ ಬಾಯಲ್ಲಿ ಕೊಳವೆ ಇತ್ತು."

"ಬಾಯಿ ವಿಷಯ ಅಲ್ಲ, ಕಣ್ಣಿನ ವಿಷಯ ಕೇಳಿದೆ."

"ಊದು ಅಂದೆ, ಊದಿದೆ. ನೋಡು ಅಂತ ನೀನು ಹೇಳಿರಲಿಲ್ಲ" ಎಂದು ಗಾಳಿ ಮತ್ತೆ ಊದತೊಡಗಿತು.

ಅಜ್ಜಿ ಬಸವನ ಹುಳುವನ್ನು ಕೇಳಿದಳು. "ನೀನೇನಪ್ಪ ಕಂಡೆ?"

"ಏನೋ ಗಲಾಟೆ, ನೋಡೋಣ ಅಂತ ಹೊರಟೆ. ನಾನು ಹೋಗಿ ಮುಟ್ಟೋ ಹೊತ್ತಿಗೆ ಮುಗಿದಿತ್ತು."

"ಯಾರು ಅಂತ ಕಾಣಲಿಲ್ವಾ?"

"ನಾನು ಕರೆಯದೆ ಬಂದವನು ತಾಯಿ. ಕರೆಸ್ಕೊಂಡು ಬಂದವರ ಸುದ್ದಿ ನನಗ್ಯಾಕೆ?" ಎಂದು ಅದು ಚಿಪ್ಪಿನೊಳಗೆ ಸರಿದು ಬಾಗಿಲು ಹಾಕಿಕೊಂಡಿತು.

ಅಜ್ಜಿ ನಿಟ್ಟುಸಿರು ಬಿಟ್ಟಳು. "ಏನು ಮಾಡೋದವ್ವ? ಎಲ್ಲರ ಅನುಮಾನ ನಿನ್ನ ಮೇಲೇ ಇದೆ. ನಿನ್ನನ್ನ ಹೊಳೆಗೆ ಬಿಡಬೇಕಾಗುತ್ತೆ."

ಎಲ್ಲರೂ ಎಂದರೆ ಯಾರು? ಎರಡು ಮೀನುಗಳು. ಸಿಗಡವ್ವನ ಕತ್ತಿನ ಹಿಂದೆ, ಮೈಯೊಳಗೆ, ಮುಂದಿನ ಮೊಟ್ಟೆಗಳು ಆಗಲೇ ಕಟ್ಟಿಕೊಂಡಿದ್ದವು. ನಾಳೆಯೋ ನಾಡಿದ್ದೋ ಇಡಬೇಕು. ಹೊಳೆಗೆ ಹೋದರೆ ಬಂಡೆ. ಇಲ್ಲೇ ಇದ್ದರೆ ಆ ಬಾಯಿ. ಒಮ್ಮೆ ಕಳೆದುಕೊಂಡಿದ್ದಳು; ಇನ್ನೊಮ್ಮೆ ಕಳೆದುಕೊಳ್ಳಲು ಅವಳು ಸಿದ್ಧಳಿರಲಿಲ್ಲ.

"ನನ್ನ ಹೊಟ್ಟೇಲಿ ಏನಿದೆ ಅಂತ ತಾನೇ ನಿಮ್ಮ ಅನುಮಾನ?" ಎಂದಳು. "ನೋಡ್ಕೊಳ್ಳಿ."

ಅವಳು ಬೆನ್ನು ಬಾಗಿಸಿದಳು. ಕವಚ ಬೆನ್ನ ಮೇಲೆ ಸೀಳಿತು. ಬಿಗಿಯಾದ ರವಿಕೆಯಿಂದ ತೋಳು ಎಳೆದುಕೊಳ್ಳುವ ಹಾಗೆ ಒಂದೊಂದೇ ಕೈ ಎಳೆದುಕೊಂಡಳು, ಮೀಸೆ ಎಳೆದುಕೊಂಡಳು, ಬಾಲ ಎಳೆದುಕೊಂಡಳು. ಕಡುನೀಲಿ, ಕೆಂಪಂಚು, ಅರಿಶಿನದ ಗೆರೆ, ಎಲ್ಲವೂ ಮರಳಿನ ಮೇಲೆ ಬರಿದಾಗಿ ಬಿದ್ದವು.

ಒಳಗಿನ ಮೈಗೆ ಅಜ್ಜಿ ಬಣ್ಣ ಹಚ್ಚಿರಲಿಲ್ಲ. ಕಾಣದ ಜಾಗಕ್ಕೆ ಯಾರು ಹಚ್ಚುತ್ತಾರೆ? ಸಿಗಡವ್ವ ನೀರಿನ ಹಾಗೆ ನಿಂತಳು. ಅವಳ ಮೂಲಕ ಬಾನಿಯ ಆಚೆ ಗೋಡೆ ಕಾಣುತ್ತಿತ್ತು. ಮೈಯೊಳಗೆ ಒಂದೇ ಒಂದು ಸಣ್ಣ ಗೆರೆ, ಅವಳ ಕರುಳು. ಕತ್ತಿನ ಹಿಂದೆ ಹಸಿರು ಮೊಟ್ಟೆಗಳ ಗೊಂಚಲು. ಅದನ್ನು ಕಂಡು ಪಕ್ಕೆರಾಯನ ಬಾಯಿ ತಾನಾಗಿಯೇ ತೆರೆಯಿತು.

"ಹೇಳಿ. ಏನು ಕಾಣುತ್ತೆ ಹೊಟ್ಟೇಲಿ?"

"ಪಾಚಿ" ಎಂದಳು ಅಜ್ಜಿ, ಸಣ್ಣ ದನಿಯಲ್ಲಿ.

"ಮತ್ತೇನಾದ್ರೂ?"

"ಪಾಚಿನೇ ಕಣವ್ವ."

"ಸರಿ. ಈಗ ಅವರ ಸರದಿ. ಅವರೂ ತೋರಿಸ್ಲಿ."

ಮಿನುಗಮ್ಮ ಅಳು ನಿಲ್ಲಿಸಿದಳು. "ಏನಂದೆ? ನಾವು ಮಾನಸ್ಥರು. ಹೊಟ್ಟೆ ತೋರಿಸ್ಕೊಂಡು ಓಡಾಡೋದೆಲ್ಲ ನಮ್ಮಲ್ಲಿಲ್ಲ."

"ಮಕ್ಕಳನ್ನ ಕಳ್ಕೊಂಡ ತಾಯಿಗೆ ಇಂಥ ಮಾತಾ!" ಎಂದು ಪಕ್ಕೆರಾಯ ದನಿಯೇರಿಸಿದ. ದನಿಯೇರಿಸಿದ್ದೇ ತಪ್ಪಾಯಿತು. ಮಾತಿನ ಹಿಂದೆಯೇ ಒಂದು ತೇಗು ಬಂತು. ತೇಗಿನ ಜೊತೆ ಒಂದು ಹಸಿರು ಮೊಟ್ಟೆ ಹೊರಗೆ ಬಂತು. ಅದರ ಹಿಂದೆ ಒಂದು ಬಿಳಿ ಮೊಟ್ಟೆ.

ಅವನು ಗಬಕ್ಕನೆ ಎರಡನ್ನೂ ಮತ್ತೆ ನುಂಗಿದ. ತನ್ನದೇ ಮಗು ಎಂಬ ಮುಲಾಜೂ ಇರಲಿಲ್ಲ.

ಗುಳ್ಳೆಗಳು ನಿಂತವು. ಗಾಳಿ ಊದುವುದನ್ನು ಮರೆತಿತ್ತು. ಬಸವನ ಹುಳು ಬಾಗಿಲನ್ನು ತುಸು ತೆರೆದು ನೋಡಿ ಮತ್ತೆ ಮುಚ್ಚಿತು. ಮಿನುಗಮ್ಮ ಬೇರೆ ಕಡೆ ಮುಖ ತಿರುಗಿಸಿದಳು. ಪಕ್ಕಕ್ಕೆ ತಿರುಗಿದಾಗ ಅವಳ ಹೊಟ್ಟೆಯೂ ದುಂಡಗೆ ಕಂಡಿತು.

ಅಜ್ಜಿಯೂ ನೋಡಿದ್ದಳು. ಸಿಗಡವ್ವ ಕಾದಳು. ಈಗಲಾದರೂ ಒಂದು ಮಾತು ಬರುತ್ತದೆ ಎಂದು ಕಾದಳು.

"ಹೋಗ್ಲಿ ಬಿಡವ್ವ" ಎಂದಳು ಅಜ್ಜಿ. "ನೀನು ಒಳ್ಳೇವಳು ಅಂತ ಗೊತ್ತಾಯ್ತಲ್ಲ. ಅವರು ಮಾಡಿದ್ದನ್ನ ಹೊಟ್ಟೆಗೆ ಹಾಕ್ಕೋ."

"ಏನಂದೆ?"

"ಹೊಟ್ಟೆಗೆ ಹಾಕ್ಕೋ ಅಂದೆ."

"ಹೊಟ್ಟೆಗೆ ಹಾಕ್ಕೊಂಡಿದ್ದು ಅವರು!" ಸಿಗಡವ್ವನ ದನಿಗೆ ಮೂರು ಬಾನಿಗಳೂ ನಡುಗಿದವು. "ನನ್ನವನ್ನೂ ಹಾಕ್ಕೊಂಡ್ರು, ತಮ್ಮವನ್ನೂ ಹಾಕ್ಕೊಂಡ್ರು! ಇನ್ನು ನಾನೇನು ಹಾಕ್ಕೊಳ್ಳಲಿ ಹೊಟ್ಟೆಗೆ?"

"ಮಾತಿಗೆ ಅಂದೆ ಕಣೇ. ಅಟ್ಟಣಿಗೆ ಕಟ್ಟಿ ಇನ್ನೂ ನೆಟ್ಟಗೆ ನಿಂತಿಲ್ಲ, ಆಗಲೇ ರಂಪ ಆದ್ರೆ ಜನ ಏನಂತಾರೆ?"

"ಜನ ಇನ್ನೂ ಹುಟ್ಟಿಲ್ಲ ಅಜ್ಜಿ."

ಅಜ್ಜಿ ಬಣ್ಣದ ಕುಡಿಕೆ ಎತ್ತಿಕೊಂಡಳು. "ನಿನಗೆ ಬಣ್ಣ ಹಚ್ಚಿಕೊಡ್ತೀನಿ ಬಾ. ಮೊದಲಿಗಿಂತ ಚೆನ್ನಾಗಿ."

"ಬೇಡ. ಹೀಗೇ ಇರ್ತೀನಿ. ಯಾರಿಗೆ ಅನುಮಾನ ಬಂದ್ರೂ ನೋಡ್ಕೊಳ್ಳಲಿ. ಈ ಮೈ ಬಿಗಿಯಾದಾಗೆಲ್ಲ ಇದನ್ನೂ ಕಳಚಿ ತೋರಿಸ್ತೀನಿ. ಅವರು ಮಾತ್ರ ಬೆಳ್ಳಿ ಹೊದ್ಕೊಂಡೇ ಇರ್ಲಿ. ಮುಚ್ಚಿಡೋಕೆ ಇರೋದು ಅವರಿಗೇ."

ಸಿಟ್ಟಿಗೋ ಏನೋ, ಅಷ್ಟರಲ್ಲಿ ಮೊಟ್ಟೆಗಳು ಇಳಿಯತೊಡಗಿದವು. ಪಕ್ಕೆರಾಯ ಮೆಲ್ಲಗೆ ಮುಂದೆ ಬಂದ. ಸಿಗಡವ್ವ ಪಾಚಿಯ ಕಡೆ ನೋಡಲೂ ಇಲ್ಲ. ಬಾಲವನ್ನು ಹೊಟ್ಟೆಯ ಕೆಳಗೆ ಮಡಿಚಿ, ಒಂದೊಂದೇ ಹಸಿರು ಮೊಟ್ಟೆಯನ್ನು ಹಿಡಿದು, ಅಡಿಯ ಪುಟ್ಟ ಕಾಲುಗಳಿಗೆ ಅಂಟಿಸಿಕೊಂಡಳು.

"ಹೊಟ್ಟೆಗೆ ಹಾಕ್ಕೊಳ್ಳಲ್ಲ" ಎಂದಳು. "ಹೊಟ್ಟೆಗೆ ಕಟ್ಕೊಳ್ತೀನಿ."

"ಅವಕ್ಕೂ ಉಸಿರು ಬೇಕಲ್ಲ" ಎಂದಿತು ಗಾಳಿ, ತಪ್ಪಿತಸ್ಥನ ದನಿಯಲ್ಲಿ. "ನಾನು ಊದಲಾ?"

"ನೀನು ನಿನ್ನ ಕೊಳವೆ ನೋಡ್ಕೋ" ಎಂದು ಸಿಗಡವ್ವ ಆ ಪುಟ್ಟ ಕಾಲುಗಳನ್ನೇ ಬೀಸಣಿಗೆಯ ಹಾಗೆ ಬೀಸಿಕೊಂಡಳು.

ಇನ್ನು ಅಲ್ಲಿ ಅವಳಿಗೆ ಕೆಲಸವಿರಲಿಲ್ಲ. ಹೋಗುವವರು ಬೆನ್ನು ತಿರುಗಿಸಿ ಹೋಗುತ್ತಾರೆ. ಆದರೆ ಸಿಗಡವ್ವನ ಬೈಗುಳ ಇನ್ನೂ ಮುಗಿದಿರಲಿಲ್ಲ. ಮುಖವನ್ನು ಅವರ ಕಡೆಗೇ ಇಟ್ಟುಕೊಂಡು ಬಾಲ ಒದರಿದಳು. ಚಿಟಕ್! ಒಂದು ಗೇಣು ಹಿಂದೆ ಹೋದಳು.

"ಹೊಟ್ಟೆಬಾಕರು!" ಚಿಟಕ್!

"ಮಕ್ಕಳನ್ನ ತಿಂದು ಮಕ್ಕಳಿಗೆ ಅಳೋರು!" ಚಿಟಕ್!

"ಕಣ್ಣಿದ್ದೂ ಊದೋನು! ಬಾಗಿಲು ಹಾಕ್ಕೊಳ್ಳೋನು! ನ್ಯಾಯ ಹೇಳೋಕೆ ಬಾರದ ಅಜ್ಜಿ!" ಚಿಟಕ್, ಚಿಟಕ್!

ಹಾಗೆ ಹಿಂದು ಹಿಂದಾಗಿಯೇ ಬಾನಿಯ ಅಂಚು ದಾಟಿ ಹೊಳೆಗೆ ಬಿದ್ದಳು.

"ಬರಬೇಡವ್ವ!" ಹೊಳೆ ಗಾಬರಿಯಾಯಿತು. "ನನಗೆ ನಿಲ್ಲೋಕೆ ಬರಲ್ಲ, ನಿನ್ನ ಮೊಟ್ಟೆ ಒಡೆದು ಹೋಗ್ತವೆ!"

"ನೀನು ನಿಲ್ಲಬೇಡ. ಮೊಟ್ಟೆ ನನ್ನ ಹತ್ರ ಇದಾವೆ."

ಅವಳು ದಂಡೆಯ ಹುಲ್ಲಿನ ಬೇರು ಹಿಡಿದು ಕೂತಳು. ಹೊಳೆ ಓಡಿತು, ಬಿತ್ತು, ಎದ್ದಿತು. ಬಂಡೆಗೆ ಬಡಿಯಲು ಅದಕ್ಕೆ ಏನೂ ಸಿಗಲಿಲ್ಲ. ದಿನ ತುಂಬಿದ ಮೇಲೆ ಹೊಟ್ಟೆಯಡಿಯಿಂದ ಮರಿಗಳು ಒಂದೊಂದಾಗಿ ಉದುರಿದವು. ಒಂದೊಂದೂ ನೀರಿನ ಚೂರಿನಂತಿತ್ತು. ಬೇರಿನ ಮರೆಯಲ್ಲಿ ಕೂತರೆ ಇವೆ ಎಂದೇ ತಿಳಿಯುತ್ತಿರಲಿಲ್ಲ. ಸಿಗಡವ್ವ ಎಲ್ಲರ ಮೀಸೆಯನ್ನೂ ಮುಟ್ಟಿ ಮುಟ್ಟಿ ನೋಡಿದಳು. ಆಮೇಲೆ ಅತ್ತಳು. ಯಾರಿಗೂ ಕೇಳಿಸದ ಹಾಗೆ ಅತ್ತಳು.

ಅತ್ತ ಅಟ್ಟಣಿಗೆಯಲ್ಲಿ ಮಿನುಗಮ್ಮ ಮತ್ತೆ ಮೊಟ್ಟೆ ಇಟ್ಟಳು. ಬಿಸಿಲೇರುವ ಹೊತ್ತಿಗೆ ಮೊಟ್ಟೆ ಮತ್ತೆ ಇಲ್ಲ. ಮಿನುಗಮ್ಮ ಮತ್ತೆ ಗೋಳಾಡಿದಳು. ಈ ಸಲ ಬೊಟ್ಟು ಮಾಡಲು ಸಿಗಡಿ ಇರಲಿಲ್ಲ. ಅವಳ ಕಣ್ಣು ನಿಧಾನವಾಗಿ ಬಸವನ ಹುಳುವಿನ ಕಡೆ ತಿರುಗಿತು.

"ನಾನಾ?" ಎಂದಿತು ಬಸವನ ಹುಳು. ಅದಕ್ಕೆ ಆಗ ಎಲ್ಲವೂ ನೆನಪಾಯಿತು. ಯಾರು, ಯಾವಾಗ, ಎಷ್ಟು ಎಂದು ಚಿಪ್ಪಿನಿಂದ ಹೊರಬಂದು ಎಲ್ಲವನ್ನೂ ಹೇಳಿತು.

"ಗೊತ್ತು" ಎಂದಳು ಅಜ್ಜಿ. ಬಿದಿರು ತರಲು ಹೊರಟಳು.

ಅವಳು ನಾಲ್ಕನೆಯ ಅಂತಸ್ತು ಕಟ್ಟಿದಳು. ಬಾನಿ ಕೂರಿಸಿದಳು, ಮರಳು ಹಾಸಿದಳು, ಪಾಚಿ ಬಿಟ್ಟಳು, ನೀರು ಹಳತಾಗುವವರೆಗೆ ಕಾದಳು. ಆಮೇಲೆ ದಂಡೆಗೆ ಹೋಗಿ ಕೂಗಿದಳು. "ಸಿಗಡವ್ವ, ಬಾರೇ. ಇದು ನಿನಗೊಬ್ಬಳಿಗೇ."

ಸಿಗಡವ್ವ ಬಂದಳು. ನಿಂತ ನೀರು ಮರಿಗಳಿಗೆ ಒಳ್ಳೆಯದೆಂದು ಬಂದಳು, ಬೇರೆ ಕಾರಣಕ್ಕಲ್ಲ. ಅಜ್ಜಿ ತಪ್ಪಾಯಿತು ಎನ್ನಲಿಲ್ಲ. ಸಿಗಡವ್ವ ಇರಲಿ ಎನ್ನಲಿಲ್ಲ. ಪಾಚಿ ಬೇಕಾದಷ್ಟಿತ್ತು, ಮೊಟ್ಟೆಯನ್ನು ಮಾತ್ರ ಅವಳು ಇನ್ನೆಂದೂ ಪಾಚಿಗೆ ಅಂಟಿಸಲಿಲ್ಲ.

ಅದಕ್ಕೇ ಇವತ್ತಿಗೂ ಮನೆಯ ಮೂಲೆಯಲ್ಲಿ ಕಬ್ಬಿಣದ ಸ್ಟ್ಯಾಂಡು ನಿಲ್ಲಿಸಿ ಗಾಜಿನ ತೊಟ್ಟಿಗಳನ್ನು ಜೋಡಿಸುವವರು, ಬುದ್ಧಿ ಇದ್ದರೆ, ಸಿಗಡಿಗೆ ಬೇರೆ ತೊಟ್ಟಿ ಇಡುತ್ತಾರೆ. ಆ ಗಾಜಿಗೆ ಮೂಗು ಒತ್ತಿ ನೋಡು: ಅವಳು ತಿಂದದ್ದು ನಿನಗೆ ಕಾಣುತ್ತದೆ, ಮೀನು ತಿಂದದ್ದು ಕಾಣುವುದಿಲ್ಲ; ಅವಳ ಮೊಟ್ಟೆಗಳು ಹೊಟ್ಟೆಯಡಿಯಲ್ಲೇ ಇವೆ; ನೀನು ಬೆರಳು ತಂದರೆ ಚಿಟಕ್ಕನೆ ಹಿಂದಕ್ಕೆ ಹಾರುತ್ತಾಳೆ, ಮುಖ ಮಾತ್ರ ನಿನ್ನ ಕಡೆಗೇ ಇರುತ್ತದೆ, ಏಕೆಂದರೆ ಬೆನ್ನು ತೋರಿಸಿ ಓಡಲು ಅವಳೇನು ಮೊಟ್ಟೆ ತಿಂದವಳಲ್ಲ.